ಸೋಬಾನೆಯ ನಡುವೆ ಒಂದು ಸಿಸೇರಿಯನ್

ಶೇಂಗಾ ಒಕ್ಕಣೆಯ ಕಾಲ. ಬೆಳಗಿನ ರೋಗಿಗಳನ್ನೆಲ್ಲ ನೋಡಿ ಮುಗಿಸಿ ಊಟಕ್ಕೆಂದು ಕ್ವಾರ್ಟರ್ಸಿನತ್ತ ಹೊರಟಿದ್ದೆ. ಆಸ್ಪತ್ರೆಯ ಗೇಟಿನೊಳಗೆ ಲಾರಿಯೊಂದು ಹಿಮ್ಮುಖವಾಗಿ ಬಂದು ನಿಂತಿತು. ಹಿಂದಿನ ಹಲಗೆ ಇಳಿಸಿದರೆ ಶೇಂಗಾ ಚೀಲಗಳು, ಅವುಗಳ ಮೇಲೆ ಕಂಬಳಿ, ಕಂಬಳಿಯ ಮೇಲೆ ಅಂಗಾತ ಮಲಗಿದ್ದ ತುಂಬು ಗರ್ಭಿಣಿ. ಇಪ್ಪತ್ತು ದಾಟಿರದ ಹುಡುಗಿ. ಗಿಡ್ಡ, ಸಣ್ಣ ಮೈಕಟ್ಟು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ವಯಸ್ಸಾದ ಹೆಂಗಸೊಬ್ಬಳು ಸೆರಗಿನಿಂದ ಗಾಳಿ ಬೀಸುತ್ತಿದ್ದಳು. ಆಕೆ ಹುಡುಗಿಯ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ.

"ನಿನ್ನೆ ಹೊತ್ತು ಮೂಡೋ ಮುಂದೆ ನೋವು ಹಿಡ್ಕಂಡಾವ್ರಿ ಡಾಕ್ಟ್ರಮ್ಮ," ಎಂದಳು ವಾರಗಿತ್ತಿ. "ಸೂಲಗಿತ್ತಿ ಇವತ್ತು ನನ್ ಕೈಲಿ ಆಗಾಕಿಲ್ಲ ಅಂತ ಎದ್ದು ಹೋದ್ಲು. ಚೊಚ್ಚಲು ಬ್ಯಾರೆ."

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಜಗಳೂರು ಸೀಮೆಯ ಆ ಸಣ್ಣ ಆಸ್ಪತ್ರೆಗೆ ನಾನು ಹೊನ್ನಾಳಿ ಕಡೆಯಿಂದ ವರ್ಗವಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ. ನನ್ನ ಮೇಲಿನ ಹಿರಿಯ ಡಾಕ್ಟರು ರಜೆಯ ಮೇಲೆ ಊರಿಗೆ ಹೋಗಿದ್ದರು. ಉಳಿದವರು ನಾನು, ಮಂಗಳೂರು ಕಡೆಯ ಒಬ್ಬ ಸಿಸ್ಟರ್, ಒಬ್ಬ ಆಯಾ.

ಹುಡುಗಿಯನ್ನು ಪರೀಕ್ಷೆಯ ಮಂಚಕ್ಕೆ ಹಾಕಿಸಿ ಹೊಟ್ಟೆಯ ಮೇಲೆ ಕೈಯಿಟ್ಟೆ. ಮಗುವಿನ ತಲೆ ಇನ್ನೂ ಮೇಲೇ ನಿಂತಿತ್ತು. ತಾಯಿಯ ಕಟಿಯ ಮೂಳೆಗಳ ನಡುವಿನ ದಾರಿ ಆ ತಲೆಗೆ ಸಾಲದಷ್ಟು ಇಕ್ಕಟ್ಟು. ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಹೊಕ್ಕುಳಿನ ಕೆಳಗೆ ಅಡ್ಡಲಾಗಿ ಮೂಡಿದ್ದ ಒಂದು ತಗ್ಗು, ಬಿಗಿಯಾಗಿ ಹಗ್ಗ ಕಟ್ಟಿ ಬಿಚ್ಚಿದ ಹಾಗೆ. ಗರ್ಭಕೋಶದ ಕೆಳಭಾಗ ಎಳೆದೆಳೆದು ತೆಳ್ಳಗಾಗುತ್ತಿದೆ, ಇನ್ನು ತಡೆಯಲಾರದು ಎನ್ನುವುದಕ್ಕೆ ಅದು ಗುರುತು. ಪುಸ್ತಕದ ಚಿತ್ರದಲ್ಲಿ ನೋಡಿದ್ದೆ. ಜೀವಂತ ಹೊಟ್ಟೆಯ ಮೇಲೆ ನೋಡಿದ್ದು ಅದೇ ಮೊದಲು. ಕೊಳವೆ ಇಟ್ಟು ಕಿವಿಗೊಟ್ಟೆ. ಮಗುವಿನ ಎದೆ ಬಡಿತ ಇತ್ತು. ನೋವು ಬಂದಾಗಲೆಲ್ಲ ಇಳಿದು, ಬಹಳ ತಡವಾಗಿ ಮೇಲೇಳುತ್ತಿತ್ತು.

ಹೊರಗೆ ಗಂಡ ತಲೆಗೆ ಕಟ್ಟುವ ಟವೆಲ್ಲನ್ನು ಕೈಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದ.

"ದಾವಣಗೆರೆಗೆ ಒಯ್ಯಾಕೆ ಅಂತ ಲಾರಿ ನಿಲ್ಸೀನ್ರಿ. ನೀವು ಹೂಂ ಅಂದ್ರೆ ಈಗ್ಲೇ ಹೊಂಟೆವು."

"ಆ ರಸ್ತೆ ಹೆಂಗೈತೆ ಅಂತ ನಿನಗೆ ಗೊತ್ತಲ್ಲಪ್ಪ," ಎಂದೆ. "ಗಾಡಿ ಕುಲುಕಿದ್ರೆ ಒಳಗೆ ಗರ್ಭಕೋಶ ಹರಿದು ಹೋಗುತ್ತೆ. ಹರಿದ್ರೆ ಇಬ್ಬರೂ ಉಳಿಯೋದಿಲ್ಲ. ಇಲ್ಲೇ ಹೊಟ್ಟೆ ಕೊಯ್ದು ಮಗು ತೆಗೀಬೇಕು. ಇಲ್ಲಿ ಮತ್ತಿನ ಔಷಧಿ ಕೊಡೋ ಡಾಕ್ಟರು ಇಲ್ಲ. ಎರಡೂ ಕಡೆ ಅಪಾಯ ಐತೆ. ನನಗೆ ಇಲ್ಲಿಯದು ಕಮ್ಮಿ ಅನ್ನಿಸ್ತದೆ."

ಅವನು ಒಳಗೆ ಹೋಗಿ ಹೆಂಡತಿಯ ಪಕ್ಕ ಬಗ್ಗಿದ. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು.

"ಇಲ್ಲೇ ಆಗ್ಲಿ," ಎಂದಳು. "ಆ ಲಾರಿ ಮ್ಯಾಲೆ ಮತ್ತೆ ನಾ ಹತ್ತಾಕಿಲ್ಲ."

ಮತ್ತಿನ ವಿಷಯವೇ ದೊಡ್ಡ ತೊಡಕು. ಈಥರ್ ಬಾಟಲಿ ಬೀರುವಿನಲ್ಲಿತ್ತು. ಆದರೆ ಅದನ್ನು ಹನಿಹನಿಯಾಗಿ ಮುಖದ ಮೇಲೆ ಬಿಡುತ್ತ ಉಸಿರು ಕಾಯುವುದಕ್ಕೆ ತರಬೇತಾದ ಇನ್ನೊಬ್ಬರು ಬೇಕು. ಮೇಲಾಗಿ ಶಕ್ತಿ ಬರಲಿ ಎಂದು ಮನೆಯವರು ಬೆಳಿಗ್ಗೆ ಅವಳಿಗೆ ಹೊಟ್ಟೆ ತುಂಬ ಅನ್ನ ಸಾರು ಉಣ್ಣಿಸಿದ್ದರು. ಮತ್ತಿನಲ್ಲಿ ವಾಂತಿಯಾಗಿ ಶ್ವಾಸನಾಳಕ್ಕೆ ಇಳಿದರೆ ಮಗುವಿನ ಮಾತು ಹಾಗಿರಲಿ, ತಾಯಿಯೇ ಟೇಬಲ್ಲಿನ ಮೇಲೆ ಹೋಗುತ್ತಾಳೆ. ಬೆನ್ನಿಗೆ ಸೂಜಿ ಹಾಕುವುದನ್ನು ನಾನು ಬೇರೆಯವರು ಮಾಡುವಾಗ ನೋಡಿದ್ದೆನೇ ಹೊರತು ಸ್ವತಃ ಮಾಡಿರಲಿಲ್ಲ.

ಇದ್ದದ್ದು ಒಂದೇ, ಲಿಗ್ನೋಕೇನ್. ಸಂತಾನಹರಣ ಕ್ಯಾಂಪುಗಳಿಗೆಂದು ಕಳಿಸಿದ್ದು ಬೇಕಾದಷ್ಟು ಉಳಿದಿತ್ತು. ಚರ್ಮಕ್ಕೆ ಚುಚ್ಚಿ, ಕೊಯ್ಯುವ ಜಾಗವನ್ನಷ್ಟೇ ಮರಗಟ್ಟಿಸುವ ಔಷಧಿ. ಅದರಲ್ಲೇ ಸಿಸೇರಿಯನ್ ಮಾಡಬಹುದೆಂದು ಓದುವ ಕಾಲದಲ್ಲಿ ನಮ್ಮ ಮೇಡಂ ಒಬ್ಬರು ಹೇಳಿದ್ದರು. ಹೇಳಿ, ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು: "ಔಷಧಿ ಅರ್ಧ ಕೆಲಸ ಮಾಡುತ್ತೆ. ಇನ್ನರ್ಧ ಕೆಲಸ ಆ ತಾಯಿ ಅಲುಗಾಡದೆ ಮಲಗೋದು." ಎಚ್ಚರವಾಗಿರುವ ಹೆಂಗಸಿನ ಹೊಟ್ಟೆಯೊಳಗೆ ಕೈ ಹಾಕುವುದು ಎಂದರೆ ಏನೆಂದು ಆಗ ನಾವು ಯಾರೂ ಯೋಚಿಸಿರಲಿಲ್ಲ.

ಸಿಸ್ಟರ್ ಸೀಮೆಎಣ್ಣೆ ಸ್ಟೌವಿನ ಮೇಲೆ ಸಲಕರಣೆಗಳನ್ನು ಕುದಿಸಲು ಇಟ್ಟರು. ನಾನು ಲಿಗ್ನೋಕೇನಿಗೆ ಸಲೈನ್ ಬೆರೆಸಿ ತೆಳ್ಳಗೆ ಮಾಡಿದೆ. ಔಷಧಿ ಬೇಗ ರಕ್ತಕ್ಕೆ ಸೇರಿ ಹೋಗದಿರಲಿ ಎಂದು ಅಡ್ರಿನಲಿನ್ನಿನ ಹನಿ ಸೇರಿಸಿದೆ. ಕೈಗೆ ಸಲೈನ್ ಹತ್ತಿಸಿ, ಮೂತ್ರಕ್ಕೆ ನಳಿಕೆ ಹಾಕಿ, ಹೊಟ್ಟೆ ತೊಳೆದು ಅಯೊಡಿನ್ ಬಳಿದೆವು. ಕರೆಂಟು ಇರಲಿಲ್ಲ. ದೊಡ್ಡ ಕಿಟಕಿಯ ಪರದೆ ಸರಿಸಿದರೆ ಮಧ್ಯಾಹ್ನದ ಬೆಳಕು ಟೇಬಲ್ಲಿನ ತನಕ ಬರುತ್ತಿತ್ತು. ಅದು ಸಾಕಾಗುವಂತಿತ್ತು.

ಮೊದಲ ಸೂಜಿಗೇ ಅವಳು ಎರಡೂ ಮೊಣಕಾಲು ಮಡಚಿ ಕಿರುಚಿದಳು. ಎರಡನೆಯದಕ್ಕೆ ಸಿಸ್ಟರ್ ಕೈಯನ್ನು ತಳ್ಳಿ ಏಳಲು ನೋಡಿದಳು. ಹೆದರಿಕೆಗೆ ಹಲ್ಲು ಕಟಕಟ ಎನ್ನುತ್ತಿದ್ದವು. ನಾನು ಸಮಾಧಾನದ ಮಾತು ಹೇಳಿದೆ, ಆಮೇಲೆ ಗದರಿದೆ. ಎರಡೂ ನಾಟಲಿಲ್ಲ. ಹೀಗಿದ್ದರೆ ಕತ್ತಿ ಹಿಡಿಯುವ ಮಾತೇ ಇಲ್ಲ.

ಬಾಗಿಲ ಸಂದಿಯಲ್ಲಿ ವಾರಗಿತ್ತಿಯ ಮುಖ ಕಂಡಿತು. ಆ ಸೀಮೆಯಲ್ಲಿ ಡಾಕ್ಟರಮ್ಮನನ್ನೂ 'ಅಕ್ಕಾರೆ' ಎಂದೇ ಕರೆಯುತ್ತಾರೆ.

"ಅಕ್ಕಾರೆ, ನಾ ಅಕಿ ತಲಿ ಕಡೆ ಕುಂದ್ರಲೇನ್ರಿ? ಹಾಡಿದ್ರೆ ಸುಮ್ನಾಗ್ತಾಳೆ. ಹಾಡೋ ಪೈಕಿ ಅಕಿ. ಸುತ್ತ ಹತ್ತಳ್ಳಿಯಾಗೆ ಮದುವಿ ಅಂದ್ರೆ ಸೋಬಾನಕ್ಕೆ ಅಕೀನೇ ಕರೀತಾರೆ."

ಮನೆಯವರನ್ನು ಆಪರೇಷನ್ ಥಿಯೇಟರಿನ ಒಳಗೆ ಬಿಡುವುದಿಲ್ಲ. ಆ ನಿಯಮಕ್ಕೆ ಕಾರಣಗಳಿವೆ, ಎಲ್ಲವೂ ಸರಿಯಾದವೇ. ನಾನು ಸಿಸ್ಟರ್ ಮುಖ ನೋಡಿದೆ. ಅವರು ಇನ್ನೊಂದು ಗೌನು, ಮಾಸ್ಕು ತೆಗೆದರು.

ವಾರಗಿತ್ತಿ ಕೈಕಾಲು ತೊಳೆದು, ಗೌನು ತೊಟ್ಟು, ಟೇಬಲ್ಲಿನ ತಲೆಯ ಕಡೆ ಸ್ಟೂಲಿನ ಮೇಲೆ ಕೂತಳು. ಹುಡುಗಿಯ ಎರಡೂ ಕೆನ್ನೆಗಳನ್ನು ಹಿಡಿದು, "ಹಂದರದ್ದು ಹಾಡೆ ತಂಗಿ. ನಾ ಸೊಲ್ಲು ಹಿಡಿತೀನಿ," ಎಂದಳು. ಹಾಡಿನ ಒಂದು ನುಡಿಯನ್ನು ಮುಂದಾಳು ಹಾಡಿದ ಮೇಲೆ ಉಳಿದವರು ಎತ್ತಿಕೊಳ್ಳುವ ಪಲ್ಲವಿಯೇ ಸೊಲ್ಲು. ಆಮೇಲೆ, ಒಣಗಿದ ಗಂಟಲಿನಿಂದ, ಅಳುವಿಗೂ ಹಾಡಿಗೂ ನಡುವಿನ ದನಿಯಲ್ಲಿ ಬಂತು:

"ಹಂದರದ ಕೆಳಗೆ ಚಂದದ ಹಸೆ ಹಾಸಿ
ಬಂದು ಕುಂದ್ರವ್ವ ಮದುಮಗಳೆ..."

"ಸೋಬಾನವೆ..." ಎಂದು ವಾರಗಿತ್ತಿ ಎತ್ತಿಕೊಂಡಳು. ಮೂಲೆಯಲ್ಲಿ ನಿಂತಿದ್ದ ಆಯಾ ಕೂಡ ಸೇರಿಸಿದಳು.

ಹುಡುಗಿಯ ಮೊಣಕಾಲುಗಳು ತಾವಾಗಿ ಇಳಿದವು. ಎರಡನೆಯ ನುಡಿಗೆ ದನಿ ಗಟ್ಟಿಯಾಯಿತು. ಮೂರನೆಯದಕ್ಕೆ ಹೊಕ್ಕುಳಿನಿಂದ ಕೆಳಗಿನ ತನಕ ಉದ್ದಕ್ಕೆ ಔಷಧಿ ಚುಚ್ಚಿ ಮುಗಿಸಿದ್ದೆ. ಇಕ್ಕಳದಿಂದ ಚಿವುಟಿ ನೋಡಿದೆ. ಹಾಡು ಮುಂದುವರಿಯಿತು. ಕತ್ತಿ ಇಟ್ಟೆ.

ಚರ್ಮ, ಕೊಬ್ಬು ಸಲೀಸಾಗಿ ಬಿಟ್ಟುಕೊಂಡವು. ಅದರಡಿಯ ಬಿಳಿ ಪೊರೆಗೆ ಮತ್ತಷ್ಟು ಔಷಧಿ ಹಾಕಿ ಬಿಡಿಸಿದೆ. ಸ್ನಾಯುಗಳಿಗೆ ಬಂದಾಗ ಹೊಸ ತೊಂದರೆ ಶುರುವಾಯಿತು. ಹಾಡುವುದಕ್ಕೆ ಉಸಿರು ಬೇಕು, ಆ ಉಸಿರನ್ನು ನೂಕುವುದು ಹೊಟ್ಟೆ. ಅವಳು ದನಿ ಎತ್ತಿದಾಗಲೆಲ್ಲ ಸ್ನಾಯುಗಳು ಹಲಗೆಯಂತೆ ಬಿಗಿದು ನನ್ನ ಬೆರಳುಗಳನ್ನು ಹೊರಗೆ ತಳ್ಳುತ್ತಿದ್ದವು. ಅದರ ಹಿಂದಿನ ತೆಳು ಪೊರೆ ತೆರೆದ ಮೇಲೂ ಹೀಗೇ ಆದರೆ ಕರುಳು ಗಾಯದೊಳಕ್ಕೆ ನುಗ್ಗುತ್ತದೆ, ಕತ್ತರಿ ಎಲ್ಲೋ ತಗಲುತ್ತದೆ.

"ಸಾಕಮ್ಮ, ಹಾಡೋದು ನಿಲ್ಲಿಸು," ಎಂದೆ.

ಅವಳು ನಿಲ್ಲಿಸಿದಳು. ನಿಲ್ಲಿಸಿದ್ದೇ ತಡ ನಡುಕ ಹಿಂದಿರುಗಿತು. ಟೇಬಲ್ಲು ಗಡಗಡ ಎಂದಿತು. "ಅಕ್ಕಾರೆ, ಏನ್ ಮಾಡಾಕೆ ಹತ್ತೀರಿ, ಅಕ್ಕಾರೆ..." ಎಂದು ತಲೆ ಎತ್ತಲು ನೋಡಿದಳು. ಗಾಯವನ್ನು ಅಗಲಿಸಿ ಸಿಸ್ಟರ್ ಹಿಡಿದಿದ್ದ ಕೊಕ್ಕೆ ಜಾರಿತು. ಹಾಡಿದರೆ ಹೊಟ್ಟೆ ಬಿಗಿಯುತ್ತದೆ, ಹಾಡದಿದ್ದರೆ ಇಡೀ ಮೈ ಬಿಗಿಯುತ್ತದೆ. ರಕ್ತ ಬರದಂತೆ ನಾನು ಗಾಯವನ್ನು ಒತ್ತಿ ಹಿಡಿದುಕೊಂಡೆ.

ಚನ್ನಗಿರಿಯಲ್ಲಿ ಓದುವಾಗ ನಾನು ಹಾಡು ಕಲಿತವಳು. ಮೆಡಿಕಲ್ ಸೀಟು ಸಿಕ್ಕ ದಿನ ಹಾಡಿನ ಮೇಷ್ಟ್ರು, "ಎರಡೂ ಪೂರ್ತಿ ಹೊತ್ತಿನ ಕೆಲಸ ಕಣಮ್ಮ, ಒಂದನ್ನ ಬಿಡು," ಎಂದಿದ್ದರು. ಬಿಟ್ಟಿದ್ದೆ. ರೇಡಿಯೋದಲ್ಲಿ ಹಾಡು ಬಂದರೆ ಎದ್ದು ಬೇರೆ ಕೋಣೆಗೆ ಹೋಗುವಷ್ಟು ಬಿಟ್ಟಿದ್ದೆ. ಆದರೆ ಆ ಹೊತ್ತಿಗೆ ನೆನಪಾದದ್ದು ರಾಗವಲ್ಲ, ಉಸಿರು. ಹಾಡುವವರ ಪಕ್ಕ ಕೂತು ಕಲಿತವರಿಗೆ ಅವರು ಎಲ್ಲಿ ಉಸಿರು ತುಂಬಿಕೊಳ್ಳುತ್ತಾರೆ, ಎಲ್ಲಿ ಬಿಡುತ್ತಾರೆ ಎನ್ನುವುದು ಮೊದಲು ತಿಳಿಯುತ್ತದೆ. ಈಗಷ್ಟೇ ನನ್ನ ಬೆರಳಿನಡಿ ನಡೆದದ್ದನ್ನು ಮತ್ತೆ ನೆನೆದೆ. ಅವಳು ನುಡಿ ಹಾಡುವಾಗ ಹೊಟ್ಟೆ ಬಿಗಿಯುತ್ತಿತ್ತು, ಸರಿ. ಆದರೆ ಬೇರೆಯವರು ಸೊಲ್ಲು ಹಿಡಿದಾಗ? ಆಗ ಅವಳು ಸುಮ್ಮನಿರುತ್ತಿದ್ದಳು, ಮುಂದಿನ ನುಡಿ ಜೋಡಿಸಿಕೊಳ್ಳುತ್ತಿದ್ದಳು. ಆಗ ಹೊಟ್ಟೆ ಕಲಸಿದ ಹಿಟ್ಟಿನಷ್ಟು ಮೆತ್ತಗಿತ್ತು. ನಡುಕವೂ ಇರಲಿಲ್ಲ.

"ಹಾಡು," ಎಂದೆ. "ಆದ್ರೆ ನಾ ಹೇಳಿದಂಗೆ ಹಾಡ್ಬೇಕು. ಹಂದರದಾಗೆ ಹಾಡಿದಂಗೆ ಬ್ಯಾಡ. ತೊಟ್ಟಿಲು ತೂಗೋ ಮುಂದೆ ಹಾಡ್ತೀಯಲ್ಲ, ಅಷ್ಟು ಸಣ್ಣಗೆ." ಮಾಸ್ಕಿನೊಳಗಿಂದಲೇ ಕೆಳಗಿನ ಶ್ರುತಿಯೊಂದನ್ನು ಗುನುಗಿ ತೋರಿಸಿದೆ. ಎಷ್ಟೋ ವರ್ಷಗಳ ನಂತರ ನನ್ನ ಗಂಟಲಿನಿಂದ ಹೊರಟ ಸ್ವರ ಅದು. ಸಿಸ್ಟರ್ ತಿರುಗಿ ನೋಡಿದರು. ವಾರಗಿತ್ತಿಗೆ, "ನೀವು ಸೊಲ್ಲನ್ನ ಒಂದ್ಸಲ ಅಲ್ಲ, ಎರಡೆರಡು ಸಲ ಹೇಳ್ರಿ. ನಿಧಾನಕ್ಕೆ. ಆ ಹೊತ್ತಿನಾಗೆ ನಾನು ಕೆಲಸ ಮಾಡ್ತೀನಿ," ಎಂದೆ.

ಹುಡುಗಿ ನನ್ನ ಶ್ರುತಿಯನ್ನು ಒಂದೇ ಸಲಕ್ಕೆ ಹಿಡಿದಳು.

ಅಲ್ಲಿಂದ ಮುಂದೆ ಕೆಲಸಕ್ಕೆ ಒಂದು ನಡೆ ಬಂತು. ಅವಳು ನುಡಿ ಹೇಳುವಾಗ ನಾನು ಕೈ ತಡೆದು ಗಾಯ ಒತ್ತಿ ನಿಲ್ಲುತ್ತಿದ್ದೆ. "ಸೋಬಾನವೆ" ಎಂದು ವಾರಗಿತ್ತಿ, ಆಯಾ ಎತ್ತಿಕೊಂಡ ಕೂಡಲೇ ಹೊಟ್ಟೆ ಸಡಿಲವಾಗುತ್ತಿತ್ತು, ನಾನು ಮುಂದುವರಿಯುತ್ತಿದ್ದೆ. ಒಂದು ಸೊಲ್ಲಿನಲ್ಲಿ ಒಳಪೊರೆ ತೆರೆದೆ. ಇನ್ನೊಂದರಲ್ಲಿ ಮೂತ್ರಕೋಶವನ್ನು ಮೆಲ್ಲಗೆ ಕೆಳಗೆ ಸರಿಸಿದೆ. ಸಾಮಾನ್ಯವಾಗಿ ಕರುಳನ್ನು ಹಿಂದಕ್ಕೆ ತಳ್ಳಲು ಬಟ್ಟೆ ತುರುಕುತ್ತೇವೆ. ಒಳಗೆ ಎಳೆದಾಡಿದರೆ ನೋವಾಗುತ್ತದೆಂದು ಅದನ್ನೂ ಬಿಟ್ಟೆ. ಬಿಡಬಹುದಾಗಿತ್ತು, ಯಾಕೆಂದರೆ ಆ ಸಡಿಲ ಹೊಟ್ಟೆಯಲ್ಲಿ ಕರುಳು ತನ್ನ ಜಾಗದಲ್ಲೇ ಇತ್ತು. ಪೂರ್ತಿ ಮತ್ತು ಬರಿಸಿದ ರೋಗಿಗಳಲ್ಲೂ ನಾನು ಅಷ್ಟು ಮೆತ್ತನೆಯ ಹೊಟ್ಟೆ ಕಂಡಿರಲಿಲ್ಲ.

ಈ ನಡುವೆ ಹಾಡು ಬದಲಾಗಿತ್ತು. ನನ್ನ ಗಮನಕ್ಕೆ ಬಂದದ್ದು ತಡವಾಗಿ. ಮದುವೆಯ ನುಡಿಗಳು ಮುಗಿದು ಅವಳು ಹೊಸದಾಗಿ ಕಟ್ಟಿ ಹಾಡುತ್ತಿದ್ದಳು:

"ಬಿಳಿ ಬಟ್ಟೆ ತೊಟ್ಟಾಕಿ, ಬಾಯಿ ಮುಚ್ಚಿಕೊಂಡಾಕಿ
ಕಣ್ಣಾಗೆ ಮಾತಾಡ್ತಾಳೆ ನಮ್ಮಕ್ಕ..."

"ಸೋಬಾನವೆ..." ಎನ್ನುತ್ತ ಆಯಾ ನಕ್ಕುಬಿಟ್ಟಳು. ಹೊಟ್ಟೆ ತೆರೆದುಕೊಂಡು ಮಲಗಿದ ಹುಡುಗಿ ನನ್ನ ಮೇಲೇ ಪದ ಕಟ್ಟಿ ಹಾಡುತ್ತಿದ್ದಳು.

ಗರ್ಭಕೋಶ ಕಂಡಿತು. ಕೆಳಭಾಗ ಎಷ್ಟು ತೆಳ್ಳಗಾಗಿತ್ತೆಂದರೆ ಒಳಗಿನ ಮಗುವಿನ ಕೂದಲು ಕಪ್ಪಗೆ ಮಸುಕಾಗಿ ಕಾಣುತ್ತಿತ್ತು. ಲಾರಿಯನ್ನು ನೆನೆದು ಕಣ್ಣು ಮುಚ್ಚಿ ತೆರೆದೆ. ಅಡ್ಡಕ್ಕೆ ಸಣ್ಣ ಗಾಯ ಮಾಡಿ, ಎರಡು ಬೆರಳಿನಿಂದ ಅಗಲಿಸಿದೆ. ಹಸಿರುಗಟ್ಟಿದ ನೀರು ಹೊರಗೆ ಬಂತು. ಮಗು ಒಳಗೇ ಮಲ ವಿಸರ್ಜಿಸಿದೆ, ಬಳಲಿದೆ ಎಂದರ್ಥ. ಇನ್ನು ತಡ ಮಾಡುವ ಹಾಗಿಲ್ಲ. ತಲೆಯ ಕೆಳಗೆ ಕೈ ತೂರಿಸಿದೆ.

ತಲೆ ಬರಲಿಲ್ಲ. ಮೂಳೆಯ ಅಂಚಿಗೆ ಕಚ್ಚಿಕೊಂಡಿತ್ತು. ಮತ್ತೊಮ್ಮೆ ಪ್ರಯತ್ನಿಸಿದೆ. ಲಿಗ್ನೋಕೇನ್ ತಲುಪದ ಜಾಗ ಅದು. ನನ್ನ ಕೈ ಹೋದಲ್ಲೆಲ್ಲ ಅವಳಿಗೆ ನೋವು. ಹಾಡು ನಿಂತಿತು. ಅವಳ ಬಾಯಿಂದ ಉದ್ದನೆಯ ನರಳುವಿಕೆ ಬಂತು, ಆಮೇಲೆ ಅದೂ ಇಲ್ಲ. ವಾರಗಿತ್ತಿ ಅಳುತ್ತಿದ್ದಳು. ಬಲವಾಗಿ ಎಳೆದರೆ ಆ ಕಾಗದದಂಥ ಗೋಡೆ ಪಕ್ಕಕ್ಕೆ ಸೀಳಿ ರಕ್ತನಾಳ ಹರಿಯುತ್ತದೆ. ಎಳೆಯದಿದ್ದರೆ ಮಗು ಹೋಗುತ್ತದೆ. ನನ್ನ ಮಣಿಕಟ್ಟು ಒಳಗೆ ಸಿಕ್ಕಿ ಜೋಮು ಹಿಡಿಯುತ್ತಿತ್ತು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಏನೂ ತೋಚಲಿಲ್ಲ. ಕೈ ನಿಂತುಹೋಗಿತ್ತು.

ಆಗ ಆ ಕಡೆಯಿಂದ, ಅವಳ ಎದೆಯ ಹತ್ತಿರ ಪರದೆಯಂತೆ ತಗ್ಗಾಗಿ ಕಟ್ಟಿದ್ದ ಹಸಿರು ಬಟ್ಟೆಯ ಆಚೆಯಿಂದ, ಬಹಳ ಸಣ್ಣಗೆ, ಅದೇ ಶ್ರುತಿಯಲ್ಲಿ ಬಂತು:

"ಕೈಯ್ಯಾಕೆ ನಿಂತಾವು, ಉಸುರ್ಯಾಕೆ ಹಿಡಿದೀಯೆ
ಬಾಗ್ಲು ತೆಗಿಯಕ್ಕ, ಕೂಸು ಬರಲಿ..."

ಸೊಲ್ಲು ಹಿಡಿಯಬೇಕಾದ ವಾರಗಿತ್ತಿಗೆ ದನಿಯೇ ಹೊರಡಲಿಲ್ಲ. ಆಯಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. "ಸೋಬಾನವೆ," ಎಂದೆ ನಾನು. ನನ್ನ ಜೊತೆಗೆ ಸಿಸ್ಟರ್. ಆ ಹಾಡಿನ ಗಂಧವೇ ಇಲ್ಲದ ಊರಿನವರು, ಇಷ್ಟು ಹೊತ್ತು ಕೇಳಿಯೇ ಕಲಿತಿದ್ದರು. ನಾವಿಬ್ಬರೂ ಎರಡು ಸಲ ಹೇಳಿದೆವು. ಬೆರಳಿನಡಿ ಹೊಟ್ಟೆ ಸಡಿಲವಾದದ್ದು ಸ್ಪಷ್ಟವಾಗಿ ತಿಳಿಯಿತು. ನೋವು ಬಂದು ಬಿಗಿದಿದ್ದ ಗರ್ಭಕೋಶವೂ ಅಷ್ಟರಲ್ಲಿ ಸಡಿಲಗೊಂಡಿತ್ತು. ಎರಡನೆಯ ಸೊಲ್ಲಿನ ಕೊನೆಗೆ ಮಗುವಿನ ತಲೆಯನ್ನು ಎಳೆಯದೆ, ಒಂದಿಷ್ಟು ಹಿಂದಕ್ಕೆ ಒತ್ತಿ ಪಕ್ಕಕ್ಕೆ ತಿರುಗಿಸಿದೆ. ಒಳಗೆ ಗಾಳಿ ಸೇರಿದ ಸಣ್ಣ ಸದ್ದಾಯಿತು. ತಲೆ ಕಚ್ಚು ಬಿಟ್ಟು ನನ್ನ ಅಂಗೈಗೆ ಬಂದು ಕೂತಿತು.

ಹೆಣ್ಣು ಮಗು. ನೀಲಿಗಟ್ಟಿತ್ತು, ಬಟ್ಟೆಯಂತೆ ಜೋತುಬಿದ್ದಿತ್ತು. ಹೊಕ್ಕುಳಬಳ್ಳಿ ಕತ್ತರಿಸಿ ಸಿಸ್ಟರ್ ಕೈಗೆ ಕೊಟ್ಟೆ. ಅವರು ನಳಿಕೆಯಿಂದ ಬಾಯಿ ಮೂಗಿನ ಲೋಳೆ ಎಳೆದು, ಬೆನ್ನು ಉಜ್ಜಿ, ಅಂಗಾಲಿಗೆ ತಟ್ಟುತ್ತಿದ್ದರು. ನಾನು ಅತ್ತ ನೋಡುವಂತಿರಲಿಲ್ಲ. ರಕ್ತ ಹರಿಯುತ್ತಿತ್ತು, ಗರ್ಭಕೋಶ ಕುಗ್ಗುವ ಇಂಜೆಕ್ಷನ್ ಕೊಡಬೇಕು, ಮಾಸು ತೆಗೆಯಬೇಕು, ಅಂಚು ಹಿಡಿದು ಹೊಲಿಯಬೇಕು. ಕೈಗಳು ಅವುಗಳ ಪಾಡಿಗೆ ಕೆಲಸ ಮಾಡುತ್ತಿದ್ದವು, ಕಿವಿ ಮಾತ್ರ ಆ ಮೂಲೆಯಲ್ಲಿತ್ತು. ನಾವೆಲ್ಲ ಹೆಂಗಸರು ಒಟ್ಟಿಗೆ ಕಾದೆವು.

ಮೊದಲು ಬೆಕ್ಕಿನ ಮರಿಯಂಥ ಒಂದು ಸಣ್ಣ ಸದ್ದು. ಆಮೇಲೆ ಇನ್ನೊಂದು. ಆಮೇಲೆ, ಥಿಯೇಟರಿನ ಆಚೆ ವರಾಂಡದಲ್ಲಿ ನಿಂತ ಅಪ್ಪನಿಗೂ ಕೇಳುವ ಹಾಗೆ, ಗಂಟಲು ಬಿಚ್ಚಿದ ಅಳು.

"ಗಂಟಲು ಬೇಸೈತೆ ಬಿಡು," ಎಂದಳು ತಾಯಿ. ಮಗುವಿಗೂ ಇಳಿದೀತೆಂದು ತಡೆದಿದ್ದ ನಿದ್ದೆಯ ಇಂಜೆಕ್ಷನ್ ಅವಳಿಗೆ ಕೊಡುವ ಧೈರ್ಯ ಆಗ ಬಂತು. ಮಗುವಿನ ಮುಖ ನೋಡಿ, ಅದರ ಕೆನ್ನೆಗೆ ಮೂಗು ತಾಗಿಸಿ, ಅವಳು ಕಣ್ಣು ಮುಚ್ಚಿದಳು. ಉಳಿದ ಹೊಲಿಗೆಯನ್ನೆಲ್ಲ ಸದ್ದಿಲ್ಲದೆ ಹಾಕಿ ಮುಗಿಸಿದೆ.

ಇಲ್ಲಿಗೆ ಸುಖವಾಯಿತು ಎಂದೇನೂ ಅಲ್ಲ. ಎರಡು ದಿನ ಕಳೆದ ಮೇಲೆ ಜ್ವರ ಏರಿತು. ಗಾಯದ ಕೆಳತುದಿಯಲ್ಲಿ ಕೀವು ಕೂಡಿಕೊಂಡಿತು. ಥಿಯೇಟರಿಗೆ ಹೊರಗಿನವರನ್ನು ಬಿಟ್ಟದ್ದರಿಂದಲೇ ಇರಬೇಕೆಂದು ನಾನು ನನ್ನನ್ನೇ ಬೈದುಕೊಂಡೆ. ಅದಕ್ಕೂ ಮೊದಲು ಸೂಲಗಿತ್ತಿ ಒಳಗೆ ಕೈ ಹಾಕಿ ನೋಡಿದ್ದರಿಂದಲೂ ಇರಬಹುದು, ಇದೇ ಎಂದು ಹೇಳುವ ದಾರಿಯಿಲ್ಲ. ಎರಡು ಹೊಲಿಗೆ ಬಿಚ್ಚಿ, ತೊಳೆದು, ಪೆನಿಸಿಲಿನ್ ಕೊಟ್ಟೆವು. ರಜೆ ಮುಗಿಸಿ ಬಂದ ಹಿರಿಯ ಡಾಕ್ಟರು ಎಲ್ಲ ಕೇಳಿಕೊಂಡು, "ಏನಾದ್ರೂ ಆಗಿದ್ರೆ ನಿನ್ನ ಪರವಾಗಿ ನಾನು ಏನಂತ ಹೇಳಬೇಕಾಗಿತ್ತು? ಹಾಡು ಹಾಡಿಸಿದ್ಲು ಅಂತಲೇ?" ಎಂದರು. ಸಿಟ್ಟಿನಿಂದ ಅಲ್ಲ, ನಿಜವಾದ ಕಳವಳದಿಂದ. ಸಂಗೀತವನ್ನು ಚಿಕಿತ್ಸೆಗೆ ಬಳಸುತ್ತಾರೆ, ಅದಕ್ಕೂ ಓದು ತರಬೇತಿ ಇದೆ ಎನ್ನುವ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಬಹಳ ವರ್ಷಗಳ ನಂತರ. ಆ ಮಾತಾಡಿದ ಮರುದಿನ ರೌಂಡ್ಸಿನಲ್ಲಿ ಹಿರಿಯ ಡಾಕ್ಟರು ಆ ಹುಡುಗಿಯ ಹಾಸಿಗೆಯ ಹತ್ತಿರ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತದ್ದನ್ನು ಮಾತ್ರ ನೋಡಿದೆ.

ಜ್ವರ ಇಳಿಯಿತು. ಗಾಯ ಕೂಡಿತು. ಮಗು ಹಾಲು ಕುಡಿದು ದಪ್ಪಗಾಗುತ್ತಿತ್ತು. ಉಳಿದ ಹೊಲಿಗೆ ಬಿಚ್ಚುವ ದಿನ ನಾನು ಅವಳ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಅಷ್ಟು ದಿನ ನನ್ನ ತಲೆಯಲ್ಲಿ ಒಂದೇ ವಿಚಾರ ಓಡುತ್ತಿತ್ತು. ಹಾಡು ನೋವನ್ನು ಮರೆಸುತ್ತದೆ, ಔಷಧಿ ಮುಟ್ಟದ ಜಾಗಕ್ಕೂ ಅದು ಮುಟ್ಟಿತ್ತು ಎಂದು ನಂಬಿಕೊಂಡಿದ್ದೆ. ಅವಳ ಬಾಯಿಂದಲೇ ಕೇಳಬೇಕೆನಿಸಿತು.

"ಹಾಡೋ ಹೊತ್ತಿನಾಗೆ ನೋವು ಗೊತ್ತಾಗ್ತಿರಲಿಲ್ಲ, ಅಲ್ವೇನೆ?" ಎಂದೆ.

ಅವಳು ಮಗುವನ್ನು ಎದೆಯಿಂದ ಬಿಡಿಸಿ, ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು.

"ಯಾಕೆ ಗೊತ್ತಾಗಾಕಿಲ್ಲ ಅಕ್ಕಾರೆ? ಎಲ್ಲಾ ಗೊತ್ತಾಗ್ತಿತ್ತು. ನಿಮ್ ಬೆರಳು ಎಲ್ಲೆಲ್ಲಿ ಹೋಗ್ತಾವೆ ಅಂತ ಹೇಳ್ತಿದ್ದೆ ಬೇಕಂದ್ರೆ."

"ಮತ್ತೆ ಹೆಂಗೆ ಹಾಡಿದಿ?"

ಇದೆಂಥ ಪ್ರಶ್ನೆ ಎನ್ನುವ ಹಾಗೆ ನನ್ನನ್ನು ನೋಡಿದಳು.

"ಮೊದ್ಲು ನನಗೆ ಅಂತ ಹಾಡಿದ್ದು ಖರೇ. ಆಮ್ಯಾಲೆ ಕೂಸು ಸಿಕ್ಕಾಕ್ಕಂತಲ್ಲ, ಆಗ ನಿಮ್ ಕೈ ನಿಂತೇ ಬಿಟ್ವು ಅಕ್ಕಾರೆ. ನನ್ ಹೊಟ್ಟಿಯೊಳಗೆ ತಾನೆ ಇದ್ದದ್ದು ಆ ಕೈ, ನನಗೆ ತಿಳಿಯಾಕಿಲ್ವಾ? ಅಯ್ಯೋ, ಈಯಮ್ಮ ಹೆದರಿದ್ಲಲ್ಲ, ಈಗ ಯಾರ್ ಧೈರ್ಯ ಹೇಳೋರು ಅಂತ ನೋಡ್ದೆ. ಯಾರೂ ಬಾಯಿ ಬಿಡ್ಲಿಲ್ಲ." ಮಗು ತೇಗಿತು. ಅವಳು ಅದನ್ನು ಇನ್ನೊಂದು ಭುಜಕ್ಕೆ ಬದಲಿಸಿದಳು. "ಅದಕ್ಕೇ ಆ ಪದ ನಿಮಗೆ ಅಂತ ಹಾಡ್ದೆ."

ನನ್ನ ಕೈಯಲ್ಲಿ ಕತ್ತರಿಯಿತ್ತು, ಬಿಚ್ಚಬೇಕಾದ ಹೊಲಿಗೆಗಳು ಇನ್ನೂ ಇದ್ದವು. ಅದೇ ಶ್ರುತಿಯನ್ನು ಸಣ್ಣಗೆ ಗುನುಗುತ್ತ ಮುಂದಿನ ಹೊಲಿಗೆಗೆ ಕತ್ತರಿ ಇಟ್ಟೆ.